ನಮ್ಮನೆಯ ಹಳೇ ಕಂಪ್ಯೂಟರನ್ನು ಮತ್ತೆ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂದದ್ದು 1999ರ ದಸರಾ ಹೊತ್ತಿಗೆ. ದಾವಣಗೆರೆಯಲ್ಲೇ ಅಸೆಂಬಲ್ ಮಾಡಿಸಿದ್ದು. ಸೆಲೆರಾನ್ 333 ಪ್ರೊಸೆಸರ್, 32 ಎಂಬಿ ರ‍್ಯಾಮ್, 4.3 ಜಿಬಿ ಹಾರ್ಡ್ ಡಿಸ್ಕ್, 14 ಇಂಚಿನ ಮಾನಿಟರ್. 2008ರಲ್ಲಿ ಅದು ಕೆಟ್ಟು ನಿಂತಿತು. ಮಾನಿಟರ್ ಗುಜರಿಗೆ ಹೋಯ್ತು, ಉಳಿದದ್ದು ಅಟ್ಟ ಸೇರಿತು. ಹೋದ ವರ್ಷ ಅದನ್ನು ಇಳಿಸಿ, ಕೆಟ್ಟ ಭಾಗಗಳಿಗೆ ಬದಲಿ ಹುಡುಕಿ ಮತ್ತೆ ಕಟ್ಟಿದೆ. ಅವತ್ತಿನಿಂದ ಮದುವೆ ಮನೆಯಲ್ಲಿ, ದೋಸೆ ಹೋಟೆಲಿನಲ್ಲಿ, ಫೋನಿನಲ್ಲಿ ಸಿಕ್ಕವರೆಲ್ಲ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು. ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

## ಶುರುವಿನ ಪ್ರಶ್ನೆಗಳು

ಲ್ಯಾಪ್‌ಟಾಪ್ ಚೆನ್ನಾಗೇ ಐತಲ್ಲ, ಆ ಹಳೇ ಡಬ್ಬ ಯಾಕೆ ಬೇಕಿತ್ತು?

ಲ್ಯಾಪ್‌ಟಾಪಿನಲ್ಲಿ ಕೆಲಸ ಆಗುತ್ತದೆ. ನನಗೆ ಬೇಕಿದ್ದದ್ದು ಕೆಲಸ ಅಲ್ಲ. ನಮ್ಮನೆಯಲ್ಲಿ ಕಂಪ್ಯೂಟರ್ ಹಚ್ಚುವುದಕ್ಕೇ ಒಂದು ಕ್ರಮ ಇತ್ತು. ಚಪ್ಪಲಿ ಕೋಣೆಯ ಹೊರಗೆ. ಪ್ಲಾಸ್ಟಿಕ್ ಹೊದಿಕೆ ಮಡಚಿ ಪಕ್ಕಕ್ಕೆ. ಆಮೇಲೆ ಸ್ಟೆಬಿಲೈಸರ್, ಅದರೊಳಗಿನ ರಿಲೇ ಟಕ್ ಅನ್ನಬೇಕು. ಆಮೇಲೆ ಯುಪಿಎಸ್. ಆಮೇಲೆ ಮಾನಿಟರ್. ಧಂ ಅಂತ ಒಂದು ಸದ್ದು ಬಂದು, ಗಾಜಿನ ಹತ್ತಿರ ಕೈ ಹಿಡಿದರೆ ರೋಮ ನಿಮಿರುತ್ತಿತ್ತು. ಕೊನೆಗೆ ಸಿಪಿಯು. ಕಪ್ಪು ಪರದೆ ಮೇಲೆ ರ‍್ಯಾಮಿನ ಲೆಕ್ಕ ಓಡಿ ಓಡಿ 32768ಕ್ಕೆ ಬಂದು ನಿಲ್ಲುತ್ತಿತ್ತು. ಹಾರ್ಡ್ ಡಿಸ್ಕ್ ಕರಕರ ಅಂತ ಏನೋ ಅಗಿಯುತ್ತಿತ್ತು. ಇದೆಲ್ಲ ಫೋಟೋದಲ್ಲಿ ಸಿಗುವುದಿಲ್ಲ. ಮತ್ತೆ ಕಟ್ಟಿ ಮೊದಲ ಸಲ ಹಚ್ಚಿದಾಗ, ಯಾರೂ ಹೇಳದೆ ನನ್ನ ಕೈ ಅದೇ ಕ್ರಮದಲ್ಲಿ ಓಡಾಡಿತು. ಅದಕ್ಕಾಗಿ ಮಾಡಿದೆ.

ಅಣ್ಣಾ, ಹೆಂಗೂ ಕಟ್ಟೋದು ಕಟ್ತೀನಿ, ಒಳ್ಳೇದೇ ಕಟ್ಟೋಣ ಅಂತ. ಪೆಂಟಿಯಂ 3 ಹಾಕ್ಲಾ?

ಹಾಕಬೇಡಪ್ಪ, ನಿಮ್ಮನೆಯಲ್ಲಿ ಪೆಂಟಿಯಂ 3 ಇರದಿದ್ದರೆ. ಈ ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೋ. ಆಗ ಆಸೆಪಟ್ಟ ಕಂಪ್ಯೂಟರೇ ಬೇರೆ, ಮನೆಯಲ್ಲಿ ಇದ್ದ ಕಂಪ್ಯೂಟರೇ ಬೇರೆ.

ನಾನೂ ಮೊದಲು ದೊಡ್ಡದನ್ನೇ ಕಟ್ಟಿದೆ. ಪೆಂಟಿಯಂ 3, 256 ಎಂಬಿ ರ‍್ಯಾಮ್, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್. ಹಚ್ಚಿದ ಕೂಡಲೇ ಎಲ್ಲ ತೆರೆದುಕೊಂಡಿತು. ಪೇಂಟ್ ತೆರೆಯಲು ಹೋದರೆ ಮರಳು ಗಡಿಯಾರ ಕಾಣುವ ಮೊದಲೇ ಪೇಂಟ್ ಎದುರಿಗೆ. ನೋಡಿದ ಅಕ್ಕ ‘ಇದು ನಮ್ದಲ್ಲ ಬಿಡು’ ಅಂದಳು. ನಿಜವೇ. ನಮ್ಮದರಲ್ಲಿ ಪೇಂಟ್ ತೆರೆಯುವಷ್ಟರಲ್ಲಿ ಇಬ್ಬರೂ ಕುರ್ಚಿಗಾಗಿ ಒಂದು ಜಗಳ ಮುಗಿಸುತ್ತಿದ್ದೆವು. ಮಾರನೇ ವಾರ ಅದನ್ನು ಬಿಚ್ಚಿ ಸೆಲೆರಾನ್ 333 ಹುಡುಕಲು ಹೊರಟೆ.

ನಮ್ಮ ಕಂಪ್ಯೂಟರಲ್ಲಿ ಏನೇನಿತ್ತು ಅನ್ನೋದೇ ನೆನಪಿಲ್ಲ. ಹೆಂಗೆ ತಿಳಿಯೋದು?

ಬಿಲ್ ಹುಡುಕಿ. ಆ ಕಾಲದ ಅಪ್ಪಂದಿರು ಬಿಲ್ ಬಿಸಾಡಿದವರಲ್ಲ, ಎಲ್‌ಐಸಿ ಪಾಲಿಸಿಗಳ ಜೊತೆ ಟ್ರಂಕಿನಲ್ಲಿ ಇರುತ್ತದೆ. ಬಿಲ್ ಸಿಗದಿದ್ದರೆ ಆಯುಧ ಪೂಜೆಯ ಫೋಟೋ ನೋಡಿ. ಹಾರ ಹಾಕಿದ ಮಾನಿಟರ್, ಕ್ಯಾಬಿನೆಟ್ಟಿನ ಮುಖ, ಅದರ ಮೇಲಿನ ಸ್ಟಿಕ್ಕರ್ ಕಾಣುತ್ತವೆ. ಡ್ರೈವರ್ ಸಿಡಿ ಒಂದು ಉಳಿದಿದ್ದರೂ ಮದರ್‌ಬೋರ್ಡ್ ಯಾವುದೆಂದು ಗೊತ್ತಾಗುತ್ತದೆ.

ಏನೂ ಇಲ್ಲದಿದ್ದರೆ ಕೊಂಡ ವರ್ಷದಿಂದ ಅಂದಾಜು ಮಾಡಬಹುದು. ಎಂಎಂಎಕ್ಸ್ ಪೆಂಟಿಯಂ ಬಂದದ್ದು 1997ರಲ್ಲಿ, ಸೆಲೆರಾನ್ 1998ರಲ್ಲಿ. ವಿಂಡೋಸ್ 98 ಬಿಡುಗಡೆ ಆದದ್ದು 1998ರ ಜೂನ್‌ನಲ್ಲಿ, ಅದರ ಸೆಕೆಂಡ್ ಎಡಿಷನ್ 1999ರಲ್ಲಿ. ಇನ್ನೊಂದು ಗುರುತು ಇದೆ. ಶಟ್‌ಡೌನ್ ಕೊಟ್ಟ ಮೇಲೆ ‘ಈಗ ಸ್ವಿಚ್ ಆರಿಸಬಹುದು’ ಅನ್ನುವ ಕಿತ್ತಳೆ ಅಕ್ಷರ ಬಂದು, ನೀವೇ ಬಟನ್ ಒತ್ತಬೇಕಿತ್ತಾ? ಹಾಗಿದ್ದರೆ ಅದು ಹೆಚ್ಚಾಗಿ ಹಳೆಯ ಎಟಿ ಮಾದರಿ. ತಾನಾಗೇ ಆರುತ್ತಿದ್ದರೆ ಎಟಿಎಕ್ಸ್, ಅದರ ನಂತರದ ಬೋರ್ಡ್ ಮಾದರಿ.

ಬರೀ ಡೇವ್ ಆಡ್ಬೇಕು ಅಷ್ಟೇ. ಅದಕ್ಕೂ ಇಷ್ಟೆಲ್ಲ ಬೇಕಾ?

ಬೇಡ. ಡಾಸ್‌ಬಾಕ್ಸ್ ಅನ್ನುವ ತಂತ್ರಾಂಶ ಉಚಿತ. ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ, ಕಾಲೇಜಿನ ನೀಲಿ ಪರದೆಯ ಟರ್ಬೊ ಸಿ ಎಲ್ಲವೂ ಅದರಲ್ಲಿ ಚೆನ್ನಾಗಿ ನಡೆಯುತ್ತವೆ. ಇನ್ನೂ ಹತ್ತಿರದ ಅನುಭವ ಬೇಕಿದ್ದರೆ 86ಬಾಕ್ಸ್ ನೋಡಿ. ಅದು ಇಡೀ ಹಳೆಯ ಯಂತ್ರವನ್ನೇ ನಕಲು ಮಾಡುತ್ತದೆ: ಬಯಾಸ್ (ಸ್ವಿಚ್ ಹಾಕಿದಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ), ರ‍್ಯಾಮ್ ಎಣಿಕೆ, ನಿಧಾನ ಎಲ್ಲ ಸೇರಿ. ಸಾಮಾನು ಹುಡುಕುವ ಮೊದಲು ಒಂದು ವಾರ ಇದರಲ್ಲಿ ಕಳೆಯಿರಿ. ಆಸೆ ಅಲ್ಲಿಗೇ ತೀರಿದರೆ ಒಳ್ಳೆಯದೇ ಆಯ್ತು.

ನಮ್ಮ ಹೈಸ್ಕೂಲಲ್ಲಿ ಟಿವಿಗೆ ಸಿಗಿಸೋ ಕಂಪ್ಯೂಟರ್ ಇತ್ತು. ಅದನ್ನೂ ಹಿಂಗೇ ಮಾಡಬಹುದಾ ಸರ್?

1980ರ ದಶಕದ ಮಾತಾದರೆ ಅದು ಬಿಬಿಸಿ ಮೈಕ್ರೋ ಇರಬೇಕು. 1984ರಲ್ಲಿ ಶುರುವಾದ ಕ್ಲಾಸ್ ಅನ್ನುವ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಸರ್ಕಾರಿ ಯೋಜನೆಯಲ್ಲಿ ದೇಶದ ಅನೇಕ ಶಾಲೆಗಳಿಗೆ ಅದು ಬಂದಿತ್ತು. 32 ಕೆಬಿ ಮೆಮೊರಿ, 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್, ಕೀಬೋರ್ಡೂ ಕಂಪ್ಯೂಟರೂ ಒಂದೇ ಪೆಟ್ಟಿಗೆ. ನಾನು ಅದನ್ನು ರಿಪೇರಿ ಮಾಡಿಲ್ಲ. ಸಿಕ್ಕರೆ ನೇರ ಕರೆಂಟ್ ಕೊಡಬೇಡಿ. ಅದರ ಪವರ್ ಸಪ್ಲೈ ಒಳಗಿನ ಹಳೆಯ ಫಿಲ್ಟರ್ ಕೆಪಾಸಿಟರ್‌ಗಳು ಬಿರುಕು ಬಿಟ್ಟು ಹೊಗೆ ಉಗುಳುವುದು ಪ್ರಸಿದ್ಧ. ಮೊದಲು ಅವನ್ನು ಬದಲಾಯಿಸಿ.

ಎಷ್ಟು ಖರ್ಚಾಗುತ್ತೆ?

ನೀವು ಎಷ್ಟು ಕಾಯುತ್ತೀರಿ ಅನ್ನುವುದರ ಮೇಲೆ. ಅವಸರ ಮಾಡಿ ಇಂಟರ್ನೆಟ್ಟಿನಲ್ಲಿ ತರಿಸಿದರೆ ದುಬಾರಿ. ನನಗೆ ಏಳು ತಿಂಗಳು ಹಿಡಿಯಿತು, ಜಾಸ್ತಿ ದುಡ್ಡು ಹೋದದ್ದು ಸಾಮಾನಿಗಲ್ಲ, ಬೆಂಗಳೂರಿಗೆ ಓಡಾಡಿದ್ದಕ್ಕೆ.

## ಸಾಮಾನು ಹುಡುಕುವಾಗ

ದಾವಣಗೆರೆಯಲ್ಲಿ ಇಂಥ ಹಳೇ ಸಾಮಾನು ಎಲ್ಲಿ ಸಿಗುತ್ತೆ?

ಮೊದಲು ಅಟ್ಟಗಳಲ್ಲಿ. ನಿಮ್ಮದು, ಚಿಕ್ಕಪ್ಪನದು, ಹಳೇ ಮನೆ ಓನರ್‌ದು. ಕೇಳಿದರೆ ‘ತಗೊಂಡು ಹೋಗಪ್ಪ, ಜಾಗ ಆಗುತ್ತೆ’ ಅನ್ನುವವರೇ ಜಾಸ್ತಿ.

ಆಮೇಲೆ ಡಿಟಿಪಿ ಅಂಗಡಿ, ಪ್ರಿಂಟಿಂಗ್ ಪ್ರೆಸ್. ಮದುವೆ ಪತ್ರಿಕೆ, ಕರಪತ್ರ ಮಾಡುವವರು ಕನ್ನಡದ ಹಳೆಯ ಫಾಂಟುಗಳಿಗಾಗಿ ಹಳೆಯ ಯಂತ್ರವನ್ನು ಬಹಳ ವರ್ಷ ಇಟ್ಟುಕೊಂಡಿರುತ್ತಾರೆ. ನನ್ನ ಮದರ್‌ಬೋರ್ಡ್ ಸಿಕ್ಕಿದ್ದು ಅಂಥದೊಂದು ಪ್ರೆಸ್ಸಿನ ಮೆಟ್ಟಿಲ ಕೆಳಗೆ, ಪೇಪರ್ ಕಟ್ಟುಗಳ ಹಿಂದೆ. ಮೂರನೆಯದು ಕಾಲೇಜು. 1951ರಿಂದ ಇಂಜಿನಿಯರಿಂಗ್ ಕಾಲೇಜು ಇರುವ ಊರು ಇದು. ಲ್ಯಾಬುಗಳು ಹಳೆಯ ಯಂತ್ರಗಳನ್ನು ಒಟ್ಟಿಗೆ ವಿಲೇವಾರಿ ಮಾಡುತ್ತವೆ. ಬಿಡಿಯಾಗಿ ಕೊಡುವುದಿಲ್ಲ, ಆದರೆ ಆ ಲಾಟು ಕೊಂಡ ಗುಜರಿಯವರು ಯಾರೆಂದು ಹೇಳುತ್ತಾರೆ.

ಗುಜರಿ ಅಂಗಡಿಗೆ ಬೇಗ ಹೋಗಬೇಕು. ಹಳೆಯ ಬೋರ್ಡುಗಳ ಕಾಂಟ್ಯಾಕ್ಟುಗಳಲ್ಲಿ, ಪ್ರೊಸೆಸರ್ ಪಿನ್ನುಗಳಲ್ಲಿ ಚಿನ್ನದ ತೆಳು ಲೇಪನ ಇರುತ್ತದೆ. ಅದನ್ನು ತೆಗೆಯುವವರಿಗೆ ಅವು ಕೆ.ಜಿ. ಲೆಕ್ಕದಲ್ಲಿ ಹೋಗಿಬಿಡುತ್ತವೆ. ಕಂಪ್ಯೂಟರಾಗಿ ಉಳಿಯಬಹುದಾದ ಬೋರ್ಡು ಆಸಿಡ್ಡಿಗೆ ಬೀಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ತೂಕದ ರೇಟಿಗಿಂತ ಸ್ವಲ್ಪ ಜಾಸ್ತಿ ಕೊಡುತ್ತೇನೆ ಅಂದು, ಫೋನ್ ನಂಬರ್ ಕೊಟ್ಟು ಬನ್ನಿ. ಹದಿನೈದು ದಿನಕ್ಕೊಮ್ಮೆ ಹೋಗಿ ಮಾತಾಡಿಸಿ.

ಇಲ್ಲೆಲ್ಲೂ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್, ಎಲೆಕ್ಟ್ರಾನಿಕ್ ಸಾಮಾನಿನ ಬೀದಿ. ಸುಮಾರು 260 ಕಿ.ಮೀ. ದೂರ. ಬೇಕಾದ ಸಾಮಾನಿನ ಫೋಟೋ ಜೊತೆಗಿರಲಿ. ಬರೀ ಹೆಸರು ಹೇಳಿದರೆ ಅಂಗಡಿಯ ಹುಡುಗರಿಗೆ ಗೊತ್ತಾಗುವುದಿಲ್ಲ, ಅವರು ಹುಟ್ಟುವ ಮೊದಲಿನ ಸಾಮಾನು ಅದು.

ಹಳೇ ದಪ್ಪ ಮಾನಿಟರ್ರೇ ಬೇಕಾ? ಎಲ್‌ಸಿಡಿ ಹಾಕಿದ್ರೆ ನಡೆಯಲ್ವಾ?

ನಡೆಯುತ್ತದೆ. ಅದೇ 15 ಪಿನ್ನಿನ ವಿಜಿಎ ಕೇಬಲ್. ಆದರೆ ಎಲ್‌ಸಿಡಿಗೆ ತನ್ನದೇ ಒಂದು ಅಳತೆ ಇರುತ್ತದೆ. 640x480ರ ಚಿತ್ರವನ್ನು ಅದು ಎಳೆದು ಹಿಗ್ಗಿಸುತ್ತದೆ, ಅಕ್ಷರದ ಅಂಚು ಮಸುಕಾಗುತ್ತದೆ. ಸಿಆರ್‌ಟಿಯಲ್ಲಿ (ಹಳೇ ದಪ್ಪ ಮಾನಿಟರಿನಲ್ಲಿ) ಅದೇ ಚಿತ್ರ ಮೃದುವಾಗಿ, ತುಂಬಿಕೊಂಡು ಕೂರುತ್ತದೆ. ಆ ಆಟಗಳನ್ನು ಬರೆದವರು ಅಂಥ ಪರದೆಯಲ್ಲೇ ನೋಡಿ ಬರೆದದ್ದು. ಎಲ್ಲವೂ ಸಿದ್ಧವಾಗುವವರೆಗೆ ಎಲ್‌ಸಿಡಿ ಇಟ್ಟುಕೊಳ್ಳಿ, ಸಿಆರ್‌ಟಿ ಸಿಕ್ಕ ದಿನ ಬದಲಾಯಿಸಿ.

ದಪ್ಪ ಮಾನಿಟರ್ ಸಿಕ್ಕರೆ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಮೂಡುತ್ತದೆ ಅನ್ನುವುದು) 75 ಅಥವಾ 85ಕ್ಕೆ ಇಡಿ. 60ರಲ್ಲಿ ಕಣ್ಣು ಬೇಗ ಸೋಲುತ್ತದೆ. ಮೂಲೆಯಲ್ಲಿ ಬಣ್ಣದ ಕಲೆ ಕಂಡರೆ ಪಕ್ಕದ ಸ್ಪೀಕರ್ ದೂರ ಸರಿಸಿ, ಅದರ ಮ್ಯಾಗ್ನೆಟ್ ಮಾಡಿದ ಕೆಲಸ. ಹಿಂದಿನ ಕವಚ ಮಾತ್ರ ನೀವು ಬಿಚ್ಚಬೇಡಿ. ಒಳಗೆ 20,000 ವೋಲ್ಟಿಗಿಂತ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಉಳಿದಿರಬಹುದು. ಹಳೇ ಟಿವಿ ರಿಪೇರಿ ಮಾಡುತ್ತಿದ್ದವರು ಊರಲ್ಲಿ ಇನ್ನೂ ಇದ್ದಾರೆ. ಅವರ ಕೈಗೆ ಕೊಡಿ.

ಮಾನಿಟರ್ ಬಸ್ಸಲ್ಲಿ ತರಬಹುದಾ?

ತಂದಿದ್ದೇನೆ. ಗಾಜಿನ ಕಡೆ ಎದೆಗೆ ಒತ್ತಿ ಹಿಡಿದು ಎತ್ತಬೇಕು, ಭಾರವೆಲ್ಲ ಆ ಕಡೆಗೇ ಇರುತ್ತದೆ. ಕಂಬಳಿ ಸುತ್ತಿ, ಗಾಜು ಕೆಳಮುಖ ಮಾಡಿ ಸೀಟಿನ ಮೇಲೆ ಇಟ್ಟರೆ ಅಲ್ಲಾಡುವುದಿಲ್ಲ. ಡಿಕ್ಕಿಗೆ ಹಾಕಬೇಡಿ.

## ಸ್ಕ್ರೂಡ್ರೈವರ್ ಹಿಡಿದ ಮೇಲೆ

ಅಟ್ಟದ ಮೇಲೆ ನಮ್ಮ ಹಳೇ ಸಿಪಿಯು ಐತಿ. ಸುಮ್ನೆ ಸ್ವಿಚ್ ಹಾಕಿ ನೋಡ್ಲಾ?

ದಯವಿಟ್ಟು ಬೇಡ. ಎಲ್ಲರೂ ಮಾಡುವ ಮೊದಲ ತಪ್ಪು ಇದೇ. ಹದಿನೈದು ವರ್ಷ ಸುಮ್ಮನಿದ್ದ ಯಂತ್ರಕ್ಕೆ ಒಮ್ಮೆಲೇ ಕರೆಂಟ್ ಕೊಟ್ಟರೆ ಒಳ್ಳೆಯ ಭಾಗವೂ ಸುಡಬಹುದು.

ಮೊದಲು ಹಿಂದಗಡೆ ನೋಡಿ. ಎಸ್‌ಎಂಪಿಎಸ್ ಅನ್ನುವ ಕರೆಂಟ್ ಕೊಡುವ ಡಬ್ಬದ ಮೇಲೆ ಒಂದು ಕೆಂಪು ಸ್ವಿಚ್ ಇರುತ್ತದೆ, 115 ಅಥವಾ 230 ಅಂತ. ಮಕ್ಕಳ ಕೈಗೆ ಸಿಕ್ಕು ಅದು 115ಕ್ಕೆ ಸರಿದಿದ್ದರೆ ನಮ್ಮ 230 ವೋಲ್ಟಿಗೆ ಢಂ ಅನ್ನುತ್ತದೆ. ಆಮೇಲೆ ಪಕ್ಕದ ತಗಡು ಬಿಚ್ಚಿ, ಹಾರ್ಡ್ ಡಿಸ್ಕಿನ ಕೇಬಲ್ ಎರಡನ್ನೂ ಕೀಳಿ. ನಿಮ್ಮ ಮನೆಯ ಫೋಟೋ, ಪತ್ರ ಇರುವುದು ಅದರಲ್ಲಿ. ಅದಕ್ಕೆ ಅಪಾಯ ಬೇಡ. ಮೂರನೆಯದಾಗಿ ಎಸ್‌ಎಂಪಿಎಸ್ ಬಿಚ್ಚಿ ಹೊರಗಿಟ್ಟು, ಒಂದು ಹಳೇ ಸಿಡಿ ಡ್ರೈವ್ ಸಿಗಿಸಿ, ಮೀಟರಿನಲ್ಲಿ ನೋಡಿ. ಹಳದಿ ವೈರಿನಲ್ಲಿ 12, ಕೆಂಪಿನಲ್ಲಿ 5 ವೋಲ್ಟ್ ಬರಬೇಕು. ಕಪ್ಪು ಗ್ರೌಂಡ್. ಮೀಟರ್ ಹಿಡಿದು ಅಭ್ಯಾಸ ಇಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಸ್‌ಎಂಪಿಎಸ್ ಡಬ್ಬವನ್ನೇ ಬಿಚ್ಚಬೇಡಿ, ಒಳಗೆ 300 ವೋಲ್ಟ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಇರುತ್ತದೆ.

ಒಳಗೆಲ್ಲ ಕರೀ ಧೂಳು. ನೀರಲ್ಲಿ ತೊಳೀಬಹುದಾ?

ನಮ್ಮ ಊರಿನ ಧೂಳಿಗೂ ಒಂದು ಗುಣ ಇದೆ. ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಗಾಳಿ ಬೀಸುವ ಕಡೆ ಇತ್ತು. ಫ್ಯಾನಿನ ರೆಕ್ಕೆ ಮೇಲೆ ಕೂತದ್ದು ಬರೀ ಮಣ್ಣಲ್ಲ, ಹೊಗೆಯ ಜಿಡ್ಡು ಸೇರಿದ ಕರೀ ಪದರ. ಊದಿದರೆ ಹೋಗುವುದಿಲ್ಲ. ಒಣ ಪೇಂಟ್ ಬ್ರಶ್ಶಿನಿಂದ ಮೊದಲು ಸಡಿಲ ಧೂಳು ತೆಗೆಯಿರಿ. ಜಿಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್, ರಿಪೇರಿ ಅಂಗಡಿಯಲ್ಲಿ ಐಪಿಎ ಅಂತ ಕೇಳಿ. ಬ್ಲೋವರ್ ಹಿಡಿದಾಗ ಫ್ಯಾನ್ ತಿರುಗದಂತೆ ಬೆರಳಿಂದ ಒತ್ತಿ ಹಿಡಿಯಿರಿ. ನೀರಿನಲ್ಲಿ ತೊಳೆಯುವುದು ಬರೀ ಪ್ಲಾಸ್ಟಿಕ್ ಮುಖ ಮತ್ತು ಖಾಲಿ ತಗಡಿಗೆ.

ಮೌಸ್ ಮರೆಯಬೇಡಿ. ತಳದ ಬಿಲ್ಲೆ ತಿರುಗಿಸಿ ಗುಂಡು ತೆಗೆದರೆ ಒಳಗೆ ಎರಡು ಉದ್ದದ ರೋಲರ್, ಒಂದು ಚಿಕ್ಕದು. ಪ್ರತಿಯೊಂದರ ನಡುಭಾಗಕ್ಕೆ ಕರೀ ಉಂಗುರದಂತೆ ಕೊಳೆ ಸುತ್ತಿರುತ್ತದೆ. ಉಗುರಿನಿಂದ ಕೆರೆದರೆ ಒಂದೇ ಪಟ್ಟಿಯಾಗಿ ಎದ್ದು ಬರುತ್ತದೆ. ಹತ್ತನೇ ವಯಸ್ಸಿನಲ್ಲಿ ಎಷ್ಟು ಖುಷಿ ಕೊಡುತ್ತಿತ್ತೋ ಈಗಲೂ ಅಷ್ಟೇ.

ಕ್ಯಾಬಿನೆಟ್ ಹಳದಿ ತಿರುಗಿದೆ. ಬೆಳ್ಳಗೆ ಮಾಡೋದು ಹೆಂಗೆ?

ಆ ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಿರಲಿ ಅಂತ ಬ್ರೋಮಿನ್ ಸೇರಿಸುತ್ತಿದ್ದರು. ಬಿಸಿಲು, ಬಿಸಿ ತಾಗಿ ಹಳದಿ ಆಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಇರುವ ಕೂದಲಿನ ಕ್ರೀಮು ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿಗೆ ಕೆಲವು ಗಂಟೆ ಸಾಕು. ಕೈಗವಸು ಬೇಕೇ ಬೇಕು. ಕ್ರೀಮು ಒಣಗಲು ಬಿಟ್ಟರೆ ಪಟ್ಟೆ ಪಟ್ಟೆ ಬೀಳುತ್ತದೆ, ಮತ್ತೆ ಕೆಲವು ವರ್ಷಕ್ಕೆ ಹಳದಿ ವಾಪಸ್ ಬರಬಹುದು.

ನಾನು ಮಾಡಲಿಲ್ಲ. ಕ್ಯಾಬಿನೆಟ್ಟಿನ ಮುಖದ ಮೇಲೆ, ಪವರ್ ಬಟನ್ನಿನ ಪಕ್ಕ, ಅವ್ವ ಪ್ರತಿ ಆಯುಧ ಪೂಜೆಗೆ ಇಟ್ಟ ಕುಂಕುಮದ ಕಲೆ ಇತ್ತು. ಒಂದರ ಮೇಲೊಂದು ಕೂತು ಈಗ ಅದು ಕಂದು ಬಣ್ಣದ ಬಟ್ಟು. ಅದರ ಸುತ್ತ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಬೋರ್ಡ್ ಮೇಲೆ ಕೆಪಾಸಿಟರ್ ಉಬ್ಬಿದೆ. ಬೋರ್ಡೇ ಹೋಯ್ತಾ?

ಹೋಗಿಲ್ಲ. 1999ರಿಂದ ಏಳೆಂಟು ವರ್ಷ ಬಂದ ಬಹಳಷ್ಟು ಬೋರ್ಡುಗಳಲ್ಲಿ ಕೆಟ್ಟ ದ್ರಾವಣ ತುಂಬಿದ ಕೆಪಾಸಿಟರ್‌ಗಳಿದ್ದವು, ಪ್ರಪಂಚದಾದ್ಯಂತ ಅವು ಉಬ್ಬಿ ಸೋರಿದವು. ತಲೆ ಚಪ್ಪಟೆಯಾಗಿರಬೇಕು. ಸ್ವಲ್ಪ ಗುಬುಟು ಕಂಡರೂ ಬದಲಾಯಿಸಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ, 105 ಡಿಗ್ರಿಯ, ಒಳಗಿನ ತಡೆ ಕಡಿಮೆ ಇರುವ ಲೋ ಇಎಸ್‌ಆರ್ ಬಗೆಯದು. ಪಟ್ಟೆ ಇರುವ ಕಡೆ ನೆಗೆಟಿವ್. ತಿರುಗಿಸಿ ಹಾಕಿದರೆ ಸಿಡಿಯುತ್ತದೆ.

386, 486 ಕಾಲದ ಬೋರ್ಡಾದರೆ ಇನ್ನೊಂದು ಶತ್ರು ಇದೆ: ಬೋರ್ಡಿಗೇ ಬೆಸುಗೆ ಹಾಕಿದ ನೀಲಿ ಪೀಪಾಯಿಯಂಥ ಬ್ಯಾಟರಿ. ಅದು ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಬೋರ್ಡ್ ಕೈಗೆ ಬಂದ ದಿನವೇ ಅದನ್ನು ಕತ್ತರಿಸಿ ತೆಗೆಯಿರಿ. ಹಸಿರು ಕಿಲುಬಿಗೆ ಮೊದಲು ವಿನೆಗರ್, ಆಮೇಲೆ ಐಪಿಎ. ಆಮೇಲಿನ ಬೋರ್ಡುಗಳಲ್ಲಿ ಇರುವುದು ಬಿಲ್ಲೆ ಬ್ಯಾಟರಿ, ಸಿಆರ್ 2032, ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಬರಲ್ಲ. ಬೀಪ್ ಬೀಪ್ ಅಂತಾನೇ ಇದೆ.

ಬೀಪ್ ಬರುತ್ತಿದ್ದರೆ ಸಂತೋಷಪಡಿ, ಬೋರ್ಡಿಗೆ ಜೀವ ಇದೆ. ಬಿಡದೆ ಬಡಿಯುತ್ತಿದ್ದರೆ ಹೆಚ್ಚಾಗಿ ರ‍್ಯಾಮ್. ಆಗ ನಮ್ಮ ಸರ್ವೀಸ್ ಹುಡುಗರು ಮಾಡುತ್ತಿದ್ದ ಚಿಕಿತ್ಸೆಯೇ ಈಗಲೂ ಸರಿ. ಪ್ಲಗ್ ಕಿತ್ತು, ರ‍್ಯಾಮ್ ಹೊರಗೆ ತೆಗೆದು, ಸ್ಕೂಲ್ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಬಂಗಾರದ ಬಣ್ಣದ ಪಟ್ಟಿ ಉಜ್ಜಿ. ಎರಡೂ ಕಡೆ, ಒಂದೇ ದಿಕ್ಕಿಗೆ, ಮೆಲ್ಲಗೆ. ರಬ್ಬರ್ ಕರ್ರಗಾಗುತ್ತದೆ, ಪಟ್ಟಿ ಹೊಳೆಯುತ್ತದೆ. ಪುಡಿಯನ್ನು ಬ್ರಶ್ಶಿನಿಂದ ತೆಗೆದು, ಸ್ಲಾಟಿನೊಳಗೂ ಬ್ರಶ್ ಆಡಿಸಿ, ಎರಡು ಕಡೆಯ ಕ್ಲಿಪ್ಪು ಕಟ್ ಅನ್ನುವವರೆಗೆ ಒತ್ತಿ. ಮುಟ್ಟುವ ಮೊದಲು ಕ್ಯಾಬಿನೆಟ್ ತಗಡನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಟ್ಯಾಟಿಕ್ ಹೋಗಲಿ.

ಒಂದೇ ಒಂದು ಚಿಕ್ಕ ಬೀಪ್ ಬಂದು ಸುಮ್ಮನಾದರೆ ಎಲ್ಲ ಸರಿ ಅಂತ ಅರ್ಥ. ಐದು ತಿಂಗಳ ಓಡಾಟದ ಮೇಲೆ ನನಗೆ ಆ ಬೀಪ್ ಕೇಳಿದ್ದು ರಾತ್ರಿ ಹನ್ನೊಂದೂವರೆಗೆ. ಒಳಗಿನ ಕೋಣೆಯಲ್ಲಿ ಮಲಗಿದ್ದ ಅಪ್ಪ ಎದ್ದು ಬಂದರು. ಅವರಿಗೂ ಆ ಸದ್ದು ನೆನಪಿತ್ತು.

ಹಳೇ ಎಸ್‌ಎಂಪಿಎಸ್ ಸತ್ತಿದೆ. ಹೊಸದು ಹಾಕ್ಬಹುದಾ?

ಎಟಿಎಕ್ಸ್ ಬೋರ್ಡಾದರೆ ಆಗುತ್ತದೆ, ಆದರೆ ಲೇಬಲ್ ಓದಿ. ಹಳೆಯ ಬೋರ್ಡುಗಳು ಹೆಚ್ಚು ಕರೆಂಟ್ ಎಳೆಯುವುದು 5 ವೋಲ್ಟಿನಿಂದ. ಈಗಿನವು 12 ವೋಲ್ಟಿಗೆ ಬಲ ಕೊಟ್ಟು 5ರಲ್ಲಿ ಸೊರಗಿರುತ್ತವೆ. 5 ವೋಲ್ಟಿನ ಎದುರು ಆಂಪಿಯರ್ ಜಾಸ್ತಿ ಇರುವುದನ್ನೇ ಆರಿಸಿ. ಎಟಿ ಬೋರ್ಡಾದರೆ ಪ್ಲಗ್ ಎರಡು ತುಂಡು. ಅವನ್ನು ಅದಲು ಬದಲು ಸಿಗಿಸಿದರೆ ಬೋರ್ಡ್ ಸುಟ್ಟಂತೆಯೇ. ಎರಡರ ಕಪ್ಪು ವೈರುಗಳೂ ನಡುವೆ ಅಕ್ಕಪಕ್ಕ ಬರಬೇಕು. ಸಿಗಿಸುವಾಗ ಬಾಯಲ್ಲೇ ಹೇಳಿಕೊಳ್ಳಿ, ಕಪ್ಪಿಗೆ ಕಪ್ಪು.

## ಹಳೇ ಡಿಸ್ಕು, ಹಳೇ ಫೈಲು

ಹಳೇ ಹಾರ್ಡ್ ಡಿಸ್ಕ್ ಹಾಕಿ ನೇರ ಬೂಟ್ ಮಾಡ್ಲಾ? ಎಲ್ಲಾ ಹಂಗೇ ಇರುತ್ತಲ್ವಾ?

ಮೊದಲು ನಕಲು, ಆಮೇಲೆ ಬೂಟ್. ಹಳೇ ಡಿಸ್ಕ್ ಒಮ್ಮೆಯಾದರೂ ತಿರುಗುತ್ತದೆ ಅಂದುಕೊಳ್ಳಿ, ಆ ಒಂದು ಸಲ ನಕಲಿಗೇ ಮೀಸಲು. ಐಡಿಇಯಿಂದ (ಹಳೇ ಡಿಸ್ಕಿನ ಅಗಲ ಕೇಬಲ್ಲಿನ ಜೋಡಣೆ) ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ. ಲಿನಕ್ಸ್ ಹಾಕಿದ ಯಂತ್ರದಲ್ಲಿ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ ಓಡಿಸಿ ಇಡೀ ಡಿಸ್ಕನ್ನು ಒಂದೇ ಫೈಲಾಗಿ ಇಳಿಸಿಕೊಳ್ಳಿ. ಅದು ಓದಲು ಬರುವ ಜಾಗವನ್ನು ಮೊದಲು ಓದಿ, ಕೆಟ್ಟ ಜಾಗಕ್ಕೆ ಕೊನೆಗೆ ಮರಳುತ್ತದೆ. ನಮ್ಮ 4.3 ಜಿಬಿಯದ್ದು ಒಂದು ಮಧ್ಯಾಹ್ನದಲ್ಲಿ ಬಂತು, ನಾಲ್ಕು ಕಡೆ ಮಾತ್ರ ಓದಲಾಗಲಿಲ್ಲ. ಟಕ್ ಟಕ್ ಅಂತ ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ತಕ್ಷಣ ಆರಿಸಿ. ಮುಚ್ಚಳ ಬಿಚ್ಚಬೇಡಿ.

ಹಾರ್ಡ್ ಡಿಸ್ಕ್ ಬದ್ಲು ಮೆಮೊರಿ ಕಾರ್ಡ್ ಹಾಕ್ತಾರಂತಲ್ಲ?

ಹೌದು, ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಐಡಿಇ ಭಾಷೆಯನ್ನೇ ಆಡುತ್ತದೆ, ಸಾದಾ ಅಡಾಪ್ಟರ್ ಸಾಕು. ದೊಡ್ಡ ಕಾರ್ಡಿನ ಆಸೆ ಬೇಡ. 1999ಕ್ಕೆ ಮುಂಚಿನ ಅನೇಕ ಬಯಾಸ್‌ಗಳು 32 ಜಿಬಿಗಿಂತ ದೊಡ್ಡದು ಕಂಡರೆ ಅಲ್ಲೇ ನಿಂತುಬಿಡುತ್ತವೆ. ಇನ್ನೂ ಹಳೆಯವಕ್ಕೆ 8.4 ಜಿಬಿಯೇ ಗಡಿ, 486ರ ಕಾಲದವಕ್ಕೆ 528 ಎಂಬಿ. 4 ಅಥವಾ 8 ಜಿಬಿ ಧಾರಾಳ. ಒಂದೇ ಕೊರತೆ, ಕಾರ್ಡಿಗೆ ಸದ್ದಿಲ್ಲ. ನಾನು ದಿನದ ಬಳಕೆಗೆ ಕಾರ್ಡ್ ಇಟ್ಟಿದ್ದೇನೆ, ಹಬ್ಬಕ್ಕೆ ಹಳೇ ಡಿಸ್ಕ್ ಸಿಗಿಸುತ್ತೇನೆ.

ವಿಂಡೋಸ್ 98 ಹಾಕಿದ್ಮೇಲೆ ಇಂಟರ್ನೆಟ್ ಕೊಡಬಹುದಾ?

ಬೇಡ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2006ರ ಜುಲೈ 11ಕ್ಕೆ, ಅಂದಿನಿಂದ ಅದರ ಸುರಕ್ಷತೆ ನೋಡುವವರಿಲ್ಲ. ಫೈಲ್ ಸಾಗಿಸಲು ಸಿಡಿ ಸಾಕು, ಅಥವಾ ಹಾರ್ಡ್ ಡಿಸ್ಕಿನ ಬದಲು ಹಾಕಿದ ಮೆಮೊರಿ ಕಾರ್ಡನ್ನೇ ಕಿತ್ತು ಲ್ಯಾಪ್‌ಟಾಪಿಗೆ ಹಾಕಿ. ಪೆನ್ ಡ್ರೈವಿಗೆ ಬೇರೆ ಡ್ರೈವರ್ ಬೇಕು. ರ‍್ಯಾಮ್ 512 ಎಂಬಿ ದಾಟಿಸಬೇಡಿ, ವಿಂಡೋಸ್ 98 ತಡವರಿಸುತ್ತದೆ. ಮನೆಯಲ್ಲಿ ಹಳೇ ಸಿಡಿಯೂ ಅದರ ಕೀಯೂ ಇದ್ದರೆ ಅದನ್ನೇ ಬಳಸಿ. ಬರೀ ಡಾಸ್ ಆಟಗಳಿಗೆ ಫ್ರೀಡಾಸ್ ಉಚಿತವಾಗಿ ಸಿಗುತ್ತದೆ.

ಯುಪಿಎಸ್ ಬ್ಯಾಟರಿ ಮಾತ್ರ ಹೊಸದು ಹಾಕಿ. ಕರೆಂಟ್ ಹೋಗಿ ಬಂದಾಗಲೆಲ್ಲ ಸ್ಕ್ಯಾನ್‌ಡಿಸ್ಕಿನ ನೀಲಿ ಪರದೆ ಮುಂದೆ ಕೂತು ಕಾದದ್ದು ನೆನಪಿದೆಯಲ್ವಾ? ಆ ನೆನಪಿಗಾಗಿ ಡಿಸ್ಕಿಗೆ ಪೆಟ್ಟು ಕೊಡಬಾರದು.

ಸ್ಪೀಕರಲ್ಲಿ ವಿಂಡೋಸ್ ಸೌಂಡ್ ಬರುತ್ತೆ, ಆಡಿಯೋ ಸಿಡಿ ಹಾಡು ಮಾತ್ರ ಬರಲ್ಲ.

ಸಿಡಿ ಡ್ರೈವಿನ ಹಿಂದಿನಿಂದ ಸೌಂಡ್ ಕಾರ್ಡಿಗೆ ನಾಲ್ಕು ಪಿನ್ನಿನ ತೆಳು ವೈರ್ ಬೇಕು. ಆಗ ಹಾಡು ಆ ವೈರಿನಲ್ಲೇ ಬರುತ್ತಿತ್ತು. ಗುಜರಿಯಲ್ಲಿ ಕ್ಯಾಬಿನೆಟ್ ಬಿಚ್ಚುವಾಗ ಎಲ್ಲರೂ ಎಸೆಯುವ ವೈರ್ ಅದು. ಕಂಡರೆ ಎತ್ತಿಟ್ಟುಕೊಳ್ಳಿ.

ಒಂದು ಡಬ್ಬಿ ಫ್ಲಾಪಿ ಸಿಕ್ಕಿದೆ. ಓದೋಕೆ ಆಗುತ್ತಾ?

ಅರ್ಧದಷ್ಟಾದರೂ ಆಗಬಹುದು. ಮೊದಲು ಮೂಲೆಯ ಗುಂಡಿ ಸರಿಸಿ ಕಿಂಡಿ ತೆರೆಯಿರಿ. ಕಿಂಡಿ ತೆರೆದಿದ್ದರೆ ಅದರ ಮೇಲೆ ಬರೆಯಲಾಗುವುದಿಲ್ಲ, ಇದ್ದದ್ದು ಅಳಿಯುವುದಿಲ್ಲ. ತಗಡಿನ ಬಾಗಿಲು ಸರಿಸಿ ಬೆಳಕಿಗೆ ಹಿಡಿಯಿರಿ. ಬಿಳಿ ಬೂಷ್ಟು ಕಂಡರೆ ಡ್ರೈವಿಗೆ ಹಾಕಬೇಡಿ, ಒಂದು ಕೊಳಕು ಫ್ಲಾಪಿ ಹೆಡ್ಡನ್ನು ಕೆಡಿಸಿ ಮುಂದಿನ ಹತ್ತನ್ನೂ ಗೀರುತ್ತದೆ. ಒಂದು ಡ್ರೈವಿನಲ್ಲಿ ಓದದ್ದು ಇನ್ನೊಂದರಲ್ಲಿ ಓದುವುದುಂಟು. ಎರಡು ಮೂರು ಡ್ರೈವ್ ಇಟ್ಟುಕೊಂಡು ಸರದಿ ಮೇಲೆ ಪ್ರಯತ್ನಿಸಿ.

ಅಪ್ಪನ ಕನ್ನಡ ಫೈಲ್ ತೆರೆದ್ರೆ ಏನೇನೋ ಇಂಗ್ಲಿಷ್ ಗಿಜಿಬಿಜಿ ಕಾಣುತ್ತೆ. ಹಾಳಾಗಿದೆಯಾ?

ಹಾಳಾಗಿಲ್ಲ. ವಿಂಡೋಸ್ 98ಕ್ಕೆ ಕನ್ನಡ ಗೊತ್ತೇ ಇರಲಿಲ್ಲ. ವಿಂಡೋಸ್ ಜೊತೆಗೇ ತುಂಗಾ ಅನ್ನುವ ಕನ್ನಡ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಫಾಂಟ್ ಬಂದದ್ದು ಎಕ್ಸ್‌ಪಿಯಲ್ಲಿ. ಯೂನಿಕೋಡ್ ಬಳಕೆಗೆ ಬರುವವರೆಗೆ ಬರಹ, ನುಡಿ, ಶ್ರೀಲಿಪಿ ಅನ್ನುವ ಕನ್ನಡ ತಂತ್ರಾಂಶಗಳೆಲ್ಲ ಒಂದು ಉಪಾಯ ಮಾಡಿದ್ದವು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಕಾಗುಣಿತದ ತುಂಡುಗಳನ್ನು ಕೂರಿಸುವುದು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಟೋಪಿ, ಬಾಲ ಹಚ್ಚಿದ ಇಂಗ್ಲಿಷ್ ಅಕ್ಷರಗಳು. ಹಾಗಾಗಿ ಮೊದಲ ಕೆಲಸ ಅದು ಯಾವ ಫಾಂಟ್ ಎಂದು ತಿಳಿಯುವುದು. ವರ್ಡ್ ಫೈಲಾದರೆ ಅಕ್ಷರದ ಮೇಲೆ ಕ್ಲಿಕ್ ಮಾಡಿದರೆ ಹೆಸರು ಕಾಣುತ್ತದೆ. ನಕಲು ಮಾಡಿದ ಹಳೇ ಡಿಸ್ಕಿನ ವಿಂಡೋಸ್ ಒಳಗೆ ಫಾಂಟ್ಸ್ ಅನ್ನುವ ಫೋಲ್ಡರ್ ಇರುತ್ತದೆ, ಅದನ್ನು ಹಾಗೇ ಎತ್ತಿಟ್ಟುಕೊಳ್ಳಿ. ಆಮೇಲೆ ಅದೇ ಫಾಂಟಿಗೆ ಹೊಂದುವ ಪರಿವರ್ತಕದಿಂದ ಯೂನಿಕೋಡ್ ಮಾಡಿ. ನುಡಿಯ ಪಠ್ಯವನ್ನು ಶ್ರೀಲಿಪಿಯ ಪರಿವರ್ತಕಕ್ಕೆ ಹಾಕಿದರೆ ಹೊಸ ಗಿಜಿಬಿಜಿ ಬರುತ್ತದೆ ಅಷ್ಟೇ. ಮೂಲ ಫೈಲಿನ ಮೇಲೆ ಸೇವ್ ಮಾಡಬೇಡಿ.

ಪರಿವರ್ತನೆ ಆದ ಮೇಲೂ ತಪ್ಪು ಉಳಿಯುತ್ತವೆ. ಅರ್ಕಾವತ್ತು ಜಾಗ ಬಿಟ್ಟು ಸರಿಯುತ್ತದೆ, ಒತ್ತಕ್ಷರ ಬಿದ್ದುಹೋಗುತ್ತದೆ, ಅಂಕಿ ಇರಬೇಕಾದಲ್ಲಿ ಬೇರೇನೋ ಕೂರುತ್ತದೆ. ಅದನ್ನು ಕಣ್ಣಲ್ಲೇ ತಿದ್ದಬೇಕು.

ನಮ್ಮ ಅಪ್ಪ ಮಂಡಿಯಲ್ಲಿ ಗುಮಾಸ್ತರು. ರಾತ್ರಿ ಊಟ ಆದ ಮೇಲೆ ಬರಹ ತಂತ್ರಾಂಶದಲ್ಲಿ ಎರಡು ಬೆರಳಲ್ಲಿ ಕುಟ್ಟುತ್ತಿದ್ದರು. ಅಕ್ಕನ ಮದುವೆಯ ಲೆಕ್ಕ, ಕರೆಯಬೇಕಾದವರ ಪಟ್ಟಿ, ತಮ್ಮ ಅವ್ವ ಹೇಳುತ್ತಿದ್ದ ಸೋಬಾನೆ ಪದಗಳು. ಪದಗಳ ಫೈಲಿನಲ್ಲಿ ಡಿಸ್ಕಿನ ಒಂದು ಕೆಟ್ಟ ಜಾಗವೂ ಸೇರಿತ್ತು, ಹನ್ನೊಂದು ಸಾಲು ಬರಲೇ ಇಲ್ಲ. ನಾನು ಪ್ರಿಂಟ್ ತೆಗೆದು ಅಪ್ಪನ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದುತ್ತಾ ಹೋದರು, ಖಾಲಿ ಬಂದ ಕಡೆ ನಿಂತು, ಸಣ್ಣ ದನಿಯಲ್ಲಿ ಹಿಂದಿನ ಸಾಲಿನಿಂದ ಹಾಡಿಕೊಂಡು ಬಂದು, ಮುಂದಿನದನ್ನು ಹಿಡಿದರು. ನಾನು ಟೈಪ್ ಮಾಡಿದೆ. 14 ಪುಟಕ್ಕೆ ಎರಡು ಭಾನುವಾರ ಬೇಕಾಯಿತು. ಒಂಬತ್ತು ಸಾಲು ಸಿಕ್ಕವು. ಉಳಿದೆರಡಕ್ಕೆ ಹರಿಹರದ ಅತ್ತೆಯನ್ನು ಕೇಳಬೇಕಂತೆ.